ಪ್ರಪಂಚವನ್ನು ಹಿಂದಿನಿಂದ ಹೇಳಿ: ಒಂದು ನೆನಪಿನ ತಪಾಸಣೆ ಪ್ಯಾಕೇಜಿನ ವಿಮರ್ಶೆ

ತುಮಕೂರಿನಲ್ಲಿರುವ ನನ್ನ ತಂದೆ ತಾಯಿಯನ್ನು ಕಳೆದ ಕಾರ್ತಿಕದಲ್ಲಿ ಬೆಂಗಳೂರಿನ ಒಂದು ಖಾಸಗಿ ರೋಗಪತ್ತೆ ಕೇಂದ್ರಕ್ಕೆ ಕರೆದೊಯ್ದು ‘ಹಿರಿಯರ ನೆನಪಿನ ತಪಾಸಣೆ’ ಎಂಬ ಪ್ಯಾಕೇಜನ್ನು ಮಾಡಿಸಿದೆ. ದಂಪತಿಗೆ ರಿಯಾಯಿತಿ ದರ 3,499 ರೂಪಾಯಿ. ಅದರಲ್ಲಿ ಸಕ್ಕರೆ, ಕೊಬ್ಬು ಮತ್ತು ಹಿಮೋಗ್ಲೋಬಿನ್ ಪರೀಕ್ಷೆ, ಟ್ಯಾಬ್ಲೆಟ್ ನೋಡಿಕೊಂಡು ಕೇಳುವ 30 ಅಂಕದ ಪ್ರಶ್ನಾವಳಿ, ಕನ್ನಡದಲ್ಲಿ ಮುದ್ರಿತ ವರದಿ, ಒಂದು ‘ಮೆದುಳಿನ ಆರೋಗ್ಯ ಕೈಪಿಡಿ’ ಮತ್ತು ನೆನಪಿನ ಶಕ್ತಿ ಹೆಚ್ಚಿಸುತ್ತದೆಂದು ಹೇಳಲಾದ ಕ್ಯಾಪ್ಸೂಲಿನ ಮೇಲೆ ಶೇ 20ರ ಕೂಪನ್ ಸೇರಿವೆ. ಕೇಂದ್ರದ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಇದೇ ಬಗೆಯ ಪ್ಯಾಕೇಜುಗಳು ಈಗ ಅನೇಕ ಕಡೆ ಸಿಗುತ್ತಿರುವುದರಿಂದ, ಒಂದು ಕೇಂದ್ರವನ್ನು ಬೈಯುವುದಕ್ಕಿಂತ ಈ ಸೇವೆಯ ಒಳಗನ್ನು ಬಿಚ್ಚಿ ನೋಡುವುದರಿಂದಲೇ ಓದುವವರಿಗೆ ಹೆಚ್ಚು ಪ್ರಯೋಜನವೆಂದು ನನಗೆ ಅನ್ನಿಸಿದೆ.

ನನ್ನನ್ನು ಅಲ್ಲಿಗೆ ಎಳೆದದ್ದು ಅವರ ಕರಪತ್ರದ ಮೊದಲ ಸಾಲು: ‘ಪ್ರತಿ 13 ಹಿರಿಯರಲ್ಲಿ ಒಬ್ಬರಿಗೆ ಮರೆವಿನ ಕಾಯಿಲೆ. ಆ ಒಬ್ಬರು ನಿಮ್ಮ ಮನೆಯಲ್ಲೇ ಇದ್ದಾರೆಯೇ?’ ಹೆದರಿಸುವ ಧಾಟಿಯನ್ನು ಬದಿಗಿಟ್ಟು ಹೇಳುವುದಾದರೆ, ಸಂಖ್ಯೆ ಸುಳ್ಳಲ್ಲ. ಭಾರತದಲ್ಲಿ 60 ದಾಟಿದವರಲ್ಲಿ ಡಿಮೆನ್ಷಿಯಾ, ಅಂದರೆ ಈ ಮರೆವಿನ ಕಾಯಿಲೆ, ಇರುವವರ ಪ್ರಮಾಣ ಶೇ 7.4, ಅಂದರೆ ಸುಮಾರು 88 ಲಕ್ಷ ಮಂದಿ ಎಂದು 2023ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಲಾಸಿ ಎಂಬ ಹ್ರಸ್ವನಾಮದಿಂದ ಪರಿಚಿತವಾದ, ಭಾರತದ ವಯೋವೃದ್ಧರ ಬಹುಕಾಲದ ಅಧ್ಯಯನದ ಒಂದು ಕವಲು ಅದು. ಆ ಕವಲಿನಲ್ಲಿ ದೇಶದ 18 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ ನಾಲ್ಕು ಸಾವಿರಕ್ಕೂ ಹೆಚ್ಚು ಹಿರಿಯರನ್ನು ಪರೀಕ್ಷಿಸಲಾಯಿತು. ರಾಜ್ಯದಿಂದ ರಾಜ್ಯಕ್ಕೆ ಅಂತರ ದೊಡ್ಡದು: ದೆಹಲಿಯಲ್ಲಿ ಶೇ 4.5ರಷ್ಟಿದ್ದರೆ ಜಮ್ಮು ಮತ್ತು ಕಾಶ್ಮೀರದಲ್ಲಿ ಶೇ 11ರಷ್ಟಿದೆ. ಗಂಡಸರಿಗಿಂತ ಹೆಂಗಸರಲ್ಲಿ, ಪೇಟೆಗಿಂತ ಹಳ್ಳಿಯಲ್ಲಿ, ಓದಿದವರಿಗಿಂತ ಓದದವರಲ್ಲಿ ಹೆಚ್ಚು. ಅದಕ್ಕೂ ಹಿಂದೆ, 2010ರಲ್ಲಿ ಆಲ್ಝೈಮರ್ಸ್ ಸಂಘಟನೆಯವರು ಹೊರತಂದ ಭಾರತದ ವರದಿಯಲ್ಲಿ ಈ ಸಂಖ್ಯೆ 37 ಲಕ್ಷವಿತ್ತು. ಒಂದೂವರೆ ದಶಕವೂ ಕಳೆಯದೆ ಎಣಿಕೆ ಎರಡು ಪಟ್ಟು ಮೀರಿದ್ದಕ್ಕೆ ಮುದುಕರ ಸಂಖ್ಯೆ ಏರಿದ್ದು ಒಂದು ಕಾರಣ; ಎಣಿಸುವ ರೀತಿ ಬದಲಾದದ್ದು ಇನ್ನೊಂದು. ಈ ಎರಡನೆಯ ಕಾರಣವನ್ನು ಕರಪತ್ರ ಬರೆದವರು ಗಮನಿಸಿದಂತೆ ಕಾಣಲಿಲ್ಲ, ಅವರ ಪರೀಕ್ಷೆಯನ್ನು ಕಣ್ಣಾರೆ ನೋಡುವವರೆಗೆ ನಾನೂ ಗಮನಿಸಿರಲಿಲ್ಲ.

ನಮ್ಮ ಭಾಷೆಯಲ್ಲಿ ಈ ಪ್ರಮಾಣವನ್ನು ಬಹಳ ಹಿಂದೆಯೇ ನಿರ್ಧರಿಸಿ ಆಗಿದೆ: ಅರವತ್ತಕ್ಕೆ ಅರಳುಮರಳು. ಗಾದೆಯ ಲೆಕ್ಕದಲ್ಲಿ ಅದು ನೂರಕ್ಕೆ ನೂರು. ‘ವಯಸ್ಸಾಯ್ತಲ್ಲ, ಬಿಡಿ’ ಎಂಬ ಸಮಾಧಾನದ ಬೇರು ಅಲ್ಲಿದೆ, ಎಂಟು ತಿಂಗಳಿನಿಂದ ತಂದೆಯ ವಿಷಯದಲ್ಲಿ ನಮ್ಮ ಮನೆಯವರೆಲ್ಲ ಹೇಳಿಕೊಂಡು ಬಂದದ್ದೂ ಅದನ್ನೇ.

ಇನ್ನು ಪರೀಕ್ಷೆಯ ವಿಷಯ. ತಂದೆಗೆ 77, ನಿವೃತ್ತ ಗಣಿತ ಉಪನ್ಯಾಸಕರು. ತಾಯಿಗೆ 72, ತಿಪಟೂರು ಕಡೆಯ ತೋಟದ ಮನೆಯಲ್ಲಿ ಹುಟ್ಟಿ ಬೆಳೆದವರು, ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವರು. ಕೇಂದ್ರದ ಹುಡುಗಿ, ಇಪ್ಪತ್ತೈದು ದಾಟಿರಲಾರದು, ವಿನಯವಾಗಿಯೇ ನಡೆದುಕೊಂಡಳು. ಅವಳ ಮೇಲೆ ನನ್ನ ದೂರೇನೂ ಇಲ್ಲ. ಟ್ಯಾಬ್ಲೆಟ್ ಏನು ಕೇಳಿಸುತ್ತಿತ್ತೋ ಅದನ್ನು ಕೇಳಿ, ಅದು ಒಪ್ಪಿದ ಉತ್ತರಕ್ಕೆ ಮಾತ್ರ ಗುರುತು ಹಾಕುವುದು ಅವಳ ಕೆಲಸ. ಪರೀಕ್ಷೆಯ ಕೋಣೆ ಜನರೇಟರಿನ ಗೋಡೆಗೆ ಅಂಟಿಕೊಂಡಿತ್ತು. ತಾಯಿಯ ಎಡಗಿವಿ ಮಂದವೆಂಬುದನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕನ್ನಡಕ ನನ್ನ ಕಾರಿನಲ್ಲೇ ಉಳಿದಿತ್ತು.

ಮೊದಲ ಪ್ರಶ್ನೆ, ‘ಇಂದು ತಾರೀಖು ಎಷ್ಟು?’ ತಾಯಿ ಒಂದು ಕ್ಷಣ ಯೋಚಿಸಿ, ‘ತಾರೀಖು ಗೊತ್ತಿಲ್ಲಮ್ಮ, ಇವತ್ತು ಬಹುಳ ತದಿಗೆ, ನಾಳೆ ಸಂಕಷ್ಟಿ, ಕಾರ್ತಿಕ ಮುಗಿಯೋಕೆ ಇನ್ನು ಹನ್ನೆರಡು ದಿನ’ ಎಂದರು. ಸೊನ್ನೆ. ‘ಈಗ ಯಾವ ಋತು?’ ಎಂಬುದಕ್ಕೆ ತಾಯಿ ‘ಶರದೃತು’ ಎಂದರು. ಪಂಚಾಂಗದ ಪ್ರಕಾರ ಆಶ್ವಯುಜ ಮತ್ತು ಕಾರ್ತಿಕ ಎರಡೂ ಶರದೃತುವೇ. ಆದರೆ ಟ್ಯಾಬ್ಲೆಟಿನಲ್ಲಿ ಬೇಸಿಗೆ, ಮಳೆಗಾಲ, ಚಳಿಗಾಲ ಎಂಬ ಮೂರೇ ಗುಂಡಿಗಳಿದ್ದವು. ಹುಡುಗಿ ನನ್ನ ಮುಖ ನೋಡಿ, ತುಸು ಸಂಕೋಚದಿಂದಲೇ, ‘ತಪ್ಪು’ ಎಂಬ ಗುಂಡಿಯನ್ನು ಒತ್ತಿದಳು.

ಐದು ಅಂಕದ ಪ್ರಶ್ನೆಯೊಂದನ್ನು ಇಲ್ಲಿ ವಿವರವಾಗಿ ಹೇಳಲೇಬೇಕು, ಏಕೆಂದರೆ ಅದೊಂದರಲ್ಲೇ ಈ ಸೇವೆಯ ಗುಣಮಟ್ಟ ಪೂರ್ತಿ ಕಾಣುತ್ತದೆ. ‘ಪ್ರಪಂಚ ಎಂಬ ಪದದ ಅಕ್ಷರಗಳನ್ನು ಹಿಂದಿನಿಂದ ಮುಂದಕ್ಕೆ ಹೇಳಿ.’ ತಾಯಿ ಬೆರಳ ಗಿಣ್ಣು ಎಣಿಸುತ್ತ ನಿಧಾನವಾಗಿ ಹೇಳಿದರು: ‘ಚ, ಪಂ, ಪ್ರ.’ ಕನ್ನಡ ಬಲ್ಲ ಯಾರೇ ಆದರೂ ಇದನ್ನು ಸರಿಯುತ್ತರ ಎನ್ನುತ್ತಾರೆ. ಆದರೆ ಪರದೆ ನಿರೀಕ್ಷಿಸಿದ್ದು ‘ಚ, ಅನುಸ್ವಾರ, ಪ, ರ, ಪ’ ಎಂದು! ಮೂಲದ ಇಂಗ್ಲಿಷ್ ಪರೀಕ್ಷೆಯಲ್ಲಿ ‘ವರ್ಲ್ಡ್’ ಎಂಬ ಐದಕ್ಷರದ ಪದವಿದ್ದು, ಅಕ್ಷರಕ್ಕೊಂದರಂತೆ ಐದು ಅಂಕ. ಅದನ್ನು ‘ಪ್ರಪಂಚ’ ಎಂದು ಅನುವಾದಿಸಿದವರು ಐದು ಅಂಕವನ್ನು ತುಂಬಿಸಲು ಒತ್ತಕ್ಷರವನ್ನು ಒಡೆದು, ಸೊನ್ನೆಯನ್ನು ಬಿಡಿಸಿ, ಕನ್ನಡದಲ್ಲಿ ಯಾರ ಬಾಯಿಂದಲೂ ಬಾರದ ಉತ್ತರವೊಂದನ್ನು ತಯಾರಿಸಿದ್ದಾರೆ. ತಾಯಿಗೆ ಐದಕ್ಕೆ ಒಂದು ಸಿಕ್ಕಿತು, ಮೊದಲು ಹೇಳಿದ ‘ಚ’ಕ್ಕೆ.

ಇದರ ಮೂಲ 1975ರಲ್ಲಿ ಅಮೆರಿಕದಲ್ಲಿ ರೂಪುಗೊಂಡ, ವೈದ್ಯರು ಎಂಎಂಎಸ್ಇ ಎಂದು ಕರೆಯುವ 30 ಅಂಕದ ಕಿರುಪರೀಕ್ಷೆ. ಶಾಲೆಗೆ ಹೋದವರಿಗಾಗಿ, ಕಾಗದ ಪೆನ್ಸಿಲಿನ ರೂಢಿ ಇದ್ದವರಿಗಾಗಿ ಅದು ಹುಟ್ಟಿತು. ಭಾರತದಲ್ಲಿ ಇದರ ತೊಡಕನ್ನು ಕಂಡುಕೊಂಡವರು ಬಹಳ ಹಿಂದೆಯೇ ಇದ್ದರು. ಹರಿಯಾಣದ ಬಲ್ಲಭಗಢದಲ್ಲಿ ತೊಂಬತ್ತರ ದಶಕದಲ್ಲಿ ಭಾರತ ಮತ್ತು ಅಮೆರಿಕದ ಸಂಶೋಧಕರು ಒಟ್ಟಾಗಿ ಹಳ್ಳಿಯ ಅನಕ್ಷರಸ್ಥ ಹಿರಿಯರಿಗೆಂದೇ ಇದರ ಹಿಂದಿ ರೂಪವನ್ನು ಸಿದ್ಧಪಡಿಸಿದರು. ಕಾಗದದ ಮೇಲೆ ಬರೆದಿರುವ ‘ಕಣ್ಣು ಮುಚ್ಚಿ’ ಎಂಬ ಆಜ್ಞೆಯನ್ನು ಓದಿಸುವ ಬದಲು ‘ನನ್ನ ಮುಖ ನೋಡಿ, ನಾನು ಮಾಡಿದಂತೆ ಮಾಡಿ’ ಎಂದು ತಾವೇ ಕಣ್ಣು ಮುಚ್ಚಿ ತೋರಿಸಿದರು. ಒಂದು ವಾಕ್ಯ ಬರೆಯಿರಿ ಎನ್ನುವ ಬದಲು ‘ನಿಮ್ಮ ಮನೆಯ ಬಗ್ಗೆ ಏನಾದರೂ ಹೇಳಿ’ ಎಂದರು. ಕನ್ನಡಕ್ಕೂ ಇಂಥ ಕೆಲಸ ಆಗಿದೆ: ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಲ್ಲಿ ಹಿಂದಿ, ಬಂಗಾಳಿ, ತೆಲುಗು, ಕನ್ನಡ, ಮಲಯಾಳ ಭಾಷೆಗಳಿಗೆ ಅರಿವಿನ ಪರೀಕ್ಷೆಗಳ ಒಂದು ಕಟ್ಟು ಸಿದ್ಧವಾಗಿದೆ. ಕೈಗೆ ಎಟಕುವ ದೂರದಲ್ಲಿ ಒಳ್ಳೆಯ ಸಾಧನವಿರುವಾಗ, ಯಾರೋ ಅವಸರದಲ್ಲಿ ಅನುವಾದಿಸಿದ ಪ್ರಶ್ನಾವಳಿಯನ್ನು ದುಡ್ಡು ತೆಗೆದುಕೊಂಡು ಬಳಸುವುದನ್ನು ಸೋಮಾರಿತನವೆಂದು ಮಾತ್ರ ಹೇಳಬಹುದು.

ತಂದೆಯ ಸರದಿ ಬಂದಾಗ ಅವರು ಇಂಗ್ಲಿಷನ್ನು ಆರಿಸಿಕೊಂಡರು. ‘ವರ್ಲ್ಡ್’ ಪದವನ್ನು ಹಿಂದಿನಿಂದ ಹೇಳಲು ಮೂರು ಸೆಕೆಂಡು ಸಾಕಾಯಿತು. ನೂರರಿಂದ ಏಳೇಳನ್ನು ಕಳೆಯಿರಿ ಎಂದಾಗ 93, 86, 79, 72, 65 ಎಂದು ಮಗ್ಗಿ ಒಪ್ಪಿಸಿದಂತೆ ಒಪ್ಪಿಸಿದರು. ನಿಲ್ಲಿಸಿ ಎಂದು ಹುಡುಗಿಯೇ ಕೇಳಿಕೊಳ್ಳಬೇಕಾಯಿತು. ತಾರೀಖನ್ನು ಕೈಗಡಿಯಾರ ನೋಡಿ ಹೇಳಿದರು, ಅದಕ್ಕೆ ಟ್ಯಾಬ್ಲೆಟಿನ ಆಕ್ಷೇಪವಿರಲಿಲ್ಲ. ಐದು ನಿಮಿಷದ ಹಿಂದೆ ಕೇಳಿದ್ದ ಮೂರು ಪದಗಳಲ್ಲಿ ಎರಡು ನೆನಪಿಗೆ ಬರಲಿಲ್ಲ. ಒಟ್ಟು 28.

ವರದಿಗಳು ಅರ್ಧ ಗಂಟೆಯಲ್ಲಿ ಕೈಗೆ ಬಂದವು. ತಂದೆ 28, ಹಸಿರು ಪಟ್ಟಿ, ‘ಸಹಜ’. ತಾಯಿ 17, ಕೆಂಪು ಪಟ್ಟಿ, ಅದರ ಕೆಳಗೆ ದಪ್ಪಕ್ಷರದಲ್ಲಿ ‘ಬುದ್ಧಿಮಾಂದ್ಯತೆ: ಮಧ್ಯಮ’. ತಾಯಿಗೆ ನಾಲ್ಕನೆಯ ತರಗತಿಯ ಓದು ಸಾಕಷ್ಟು ಗಟ್ಟಿಯಾಗಿಯೇ ಉಳಿದಿದೆ. ಕಾರಿನಲ್ಲಿ ಕನ್ನಡಕ ಹಾಕಿಕೊಂಡು ಅದನ್ನು ಓದಿದರು. ಮಡಿಸಿ ಸೆರಗಿನ ಒಳಗೆ ಇಟ್ಟುಕೊಂಡರು. ನೆಲಮಂಗಲ ದಾಟುವವರೆಗೆ ಮಾತಾಡಲಿಲ್ಲ.

ಈ ಪದದ ಬಗ್ಗೆ ಎರಡು ಮಾತು. ಬುದ್ಧಿಮಾಂದ್ಯ ಎಂಬುದನ್ನು ಕನ್ನಡದಲ್ಲಿ ಹುಟ್ಟಿನಿಂದ ಅಥವಾ ಬಾಲ್ಯದಿಂದ ಬುದ್ಧಿಯ ಬೆಳವಣಿಗೆ ಕುಂಠಿತವಾದವರ ವಿಷಯದಲ್ಲಿ ಬಳಸುತ್ತ ಬಂದಿದ್ದೇವೆ, ಅದೂ ಈಗ ನೋವುಂಟುಮಾಡುವ ಪದವೆಂದು ಕೈಬಿಡಲಾಗುತ್ತಿದೆ. ಡಿಮೆನ್ಷಿಯಾ ಎಂದರೆ ಬೇರೆ. ಬೆಳೆದು, ಸಂಸಾರ ನಡೆಸಿ, ಲೆಕ್ಕಾಚಾರ ನೋಡಿಕೊಂಡಿದ್ದ ಬುದ್ಧಿ ಮುಪ್ಪಿನಲ್ಲಿ, ಹೆಚ್ಚಾಗಿ ಮೆದುಳಿನ ಕಾಯಿಲೆಯಿಂದ, ಹಂತ ಹಂತವಾಗಿ ಕುಂದುವುದು ಅದು. ಆ ಕಾಯಿಲೆಗಳಲ್ಲಿ ಆಲ್ಝೈಮರ್ಸ್ ಒಂದೇ ಶೇ 60ರಿಂದ 70ರಷ್ಟು. ಮರೆಗುಳಿ ಕಾಯಿಲೆ ಎಂದಾದರೂ ಬರೆಯಬಹುದಿತ್ತು, ಡಿಮೆನ್ಷಿಯಾ ಎಂದೇ ಬಿಟ್ಟಿದ್ದರೂ ಜನ ಅರ್ಥ ಮಾಡಿಕೊಳ್ಳುತ್ತಿದ್ದರು. ನಿಘಂಟಿನಿಂದ ಪದ ಹೆಕ್ಕಿ ಮುದುಕಿಯೊಬ್ಬರ ಹೆಸರಿನ ಕೆಳಗೆ ದಪ್ಪಕ್ಷರದಲ್ಲಿ ಅಚ್ಚು ಹಾಕುವ ಮೊದಲು ಕನ್ನಡ ಬಲ್ಲ ಒಬ್ಬ ಮನುಷ್ಯ ಅದನ್ನು ಓದಿ ನೋಡಬೇಕಿತ್ತು.

ಹಸಿರು ಪಟ್ಟಿಯ ತಂದೆಯ ಕಥೆ ಹೀಗಿದೆ. ವರದಿಗಾಗಿ ಕಾಯುತ್ತಿದ್ದಾಗ ಗಾಳಿಗೆ ಹೋಗಿ ಬರುತ್ತೇನೆಂದು ಹೊರಗೆ ಹೋದವರು ಬರಲಿಲ್ಲವೆಂದು ನೋಡಿದರೆ, ವಾಹನ ನಿಲುಗಡೆಯಲ್ಲಿ ಸಾಲಾಗಿ ನಿಂತಿದ್ದ ಸ್ಕೂಟರುಗಳ ನಂಬರು ಫಲಕಗಳನ್ನು ಬಗ್ಗಿ ಬಗ್ಗಿ ನೋಡುತ್ತಿದ್ದರು. ಹುಡುಕುತ್ತಿದ್ದದ್ದು ನಾಲ್ಕು ವರ್ಷದ ಹಿಂದೆ ಮಾರಿದ ಸ್ಕೂಟರನ್ನು. ಪರೀಕ್ಷೆ ಮಾಡಿಸಿದ ವರ್ಷವೇ ಒಂದೇ ತಿಂಗಳ ವಿದ್ಯುತ್ ಬಿಲ್ಲನ್ನು ಎರಡು ಸಲ ಕಟ್ಟಿ ಬಂದಿದ್ದರು, ಅಣ್ಣನ ಮಗಳ ಮದುವೆಗೆ ಹೋಗಿ ಬಂದ ಮರುದಿನ ಮದುವೆ ಯಾವತ್ತು ಎಂದು ಕೇಳಿದ್ದರು. ಇದನ್ನೆಲ್ಲ ಕೇಂದ್ರದವರಿಗೆ ಹೇಳಲು ನಾನು ಸಿದ್ಧನಾಗಿಯೇ ಹೋಗಿದ್ದೆ. ಅವರ ಪ್ಯಾಕೇಜಿನಲ್ಲಿ ಮನೆಯವರನ್ನು ಕೇಳುವ ಒಂದೇ ಒಂದು ಪ್ರಶ್ನೆಯೂ ಇರಲಿಲ್ಲ.

ಮರೆವಿನ ಎಣಿಕೆಯ ಇತಿಹಾಸ ಬಲ್ಲವರಿಗೆ ಇದು ಸಣ್ಣ ಲೋಪವಲ್ಲ. ಬಲ್ಲಭಗಢದ ಅದೇ ಅಧ್ಯಯನ 1998ರಲ್ಲಿ ಪ್ರಕಟಿಸಿದ ಪ್ರಮಾಣ 65 ದಾಟಿದವರಲ್ಲಿ ಶೇ 1.36 ಮಾತ್ರ. ಮುಂದೆ 2008ರಲ್ಲಿ ಪ್ರಕಟವಾದ, ಲ್ಯಾಟಿನ್ ಅಮೆರಿಕ, ಚೀನಾ, ಭಾರತಗಳಲ್ಲಿ ನಡೆದ ‘ಟೆನ್ ಸಿಕ್ಸ್ಟಿಸಿಕ್ಸ್’ ಎಂಬ ಡಿಮೆನ್ಷಿಯಾ ಸಂಶೋಧಕರ ಗುಂಪಿನ ಸಮೀಕ್ಷೆಯಲ್ಲಿ, ಅಂದು ಚಾಲ್ತಿಯಲ್ಲಿದ್ದ ಅಮೆರಿಕದ ಮಾನದಂಡವನ್ನು ಹಾಗೆಯೇ ಬಳಸಿದಾಗ ಕ್ಯೂಬಾದಲ್ಲಿ ಶೇ 6.3 ಸಿಕ್ಕರೆ ಭಾರತದ ಹಳ್ಳಿಯಲ್ಲಿ ಸಿಕ್ಕಿದ್ದು ಶೇ 0.3. ಅದೇ ಜನರನ್ನು ಸ್ಥಳೀಯ ಬದುಕಿಗೆ ಹೊಂದಿಸಿದ ಬೇರೆ ಮಾನದಂಡದಿಂದ ನೋಡಿದಾಗ ಪ್ರಮಾಣ ಹಲವು ಪಟ್ಟು ಮೇಲೇರಿತು. ಕಾರಣ ವಿಚಿತ್ರವಾದರೂ ನಮಗೆ ಪರಿಚಿತವೇ. ಅಮೆರಿಕದ ಮಾನದಂಡದ ಪ್ರಕಾರ ನೆನಪು ಕುಂದುವುದಷ್ಟೇ ಸಾಲದು, ಅದರಿಂದ ದಿನನಿತ್ಯದ ಕೆಲಸಕ್ಕೆ ಅಡಚಣೆಯಾಗಿರಬೇಕು. ನಮ್ಮ ಹಳ್ಳಿಯಲ್ಲಿ ಎಪ್ಪತ್ತೈದರ ಅಜ್ಜನಿಗೆ ಯಾರು ಕೆಲಸ ಹೇಳುತ್ತಾರೆ? ತಟ್ಟೆ ಎದುರಿಗೆ ಬರುತ್ತದೆ, ಪಂಚೆ ಮಡಿಸಿಟ್ಟಿರುತ್ತದೆ, ಸಂತೆಯ ಲೆಕ್ಕ ಮಗ ನೋಡಿಕೊಳ್ಳುತ್ತಾನೆ. ಅಡಚಣೆಯಾಗಲು ಕೆಲಸವೇ ಇಲ್ಲ. ಸಮೀಕ್ಷೆಗೆ ಬಂದವರು ಕೇಳಿದರೆ ‘ಚೆನ್ನಾಗಿದ್ದಾರೆ’ ಎಂದು ಸೊಸೆ ಹೇಳುತ್ತಾಳೆ. ಅವಳೇನೂ ಸುಳ್ಳು ಹೇಳುತ್ತಿಲ್ಲ, ಅವಳ ದುಡಿಮೆಯೇ ಅವರನ್ನು ಚೆನ್ನಾಗಿಟ್ಟಿದೆ.

ನಮ್ಮ ಮನೆಯಲ್ಲಿ ಆ ದುಡಿಮೆ ತಾಯಿಯದು. ಬೆಳಿಗ್ಗೆ ತಂದೆಯ ಮಾತ್ರೆಗಳನ್ನು ಚಿಕ್ಕ ಬಟ್ಟಲಿಗೆ ಹಾಕಿ ಕಾಫಿಯ ಪಕ್ಕ ಇಡುವುದು, ಅಂಗಿಯ ಜೇಬಿನಲ್ಲಿ ಮನೆಯ ವಿಳಾಸದ ಚೀಟಿ ಇಡುವುದು, ಫೋನು ಬಂದರೆ ‘ನಿಮ್ಮ ಹಳೆಯ ವಿದ್ಯಾರ್ಥಿ, ಗುಬ್ಬಿಯವನು’ ಎಂದು ಮೊದಲೇ ಹೇಳಿ ಕೈಗೆ ಕೊಡುವುದು. ಕೆಂಪು ಪಟ್ಟಿ ಬಿದ್ದದ್ದು ಈ ಹೆಂಗಸಿನ ಮೇಲೆ.

ಕರಪತ್ರದ ಸಂಖ್ಯೆಗೂ ಪ್ಯಾಕೇಜಿಗೂ ಇರುವ ನಂಟನ್ನು ಲೆಕ್ಕ ಹಾಕಿ ನೋಡುವುದು ಒಳ್ಳೆಯದು. 60 ದಾಟಿದ 1,000 ಮಂದಿಯನ್ನು ತೆಗೆದುಕೊಳ್ಳಿ. ಶೇ 7.4ರ ಲೆಕ್ಕದಲ್ಲಿ ಅವರಲ್ಲಿ 74 ಮಂದಿಗೆ ಡಿಮೆನ್ಷಿಯಾ ಇದೆ, 926 ಮಂದಿಗೆ ಇಲ್ಲ. ಪರೀಕ್ಷೆ ಬಹಳ ಚೆನ್ನಾಗಿಯೇ ಇದೆ, ಕಾಯಿಲೆ ಇರುವವರಲ್ಲಿ ಶೇ 85ರಷ್ಟನ್ನು ಹಿಡಿಯುತ್ತದೆ, ಇಲ್ಲದವರಲ್ಲಿ ಶೇ 85ರಷ್ಟನ್ನು ಸರಿಯಾಗಿ ಬಿಟ್ಟುಬಿಡುತ್ತದೆ ಎಂದು ಉದಾರವಾಗಿ ಊಹಿಸಿಕೊಳ್ಳೋಣ. ಆಗ ಕೆಂಪು ಪಟ್ಟಿ ಬೀಳುವುದು ಸುಮಾರು 202 ಮಂದಿಗೆ. ಅವರಲ್ಲಿ ನಿಜವಾಗಿ ಕಾಯಿಲೆ ಇರುವವರು 63, ಇಲ್ಲದವರು 139. ಅಂದರೆ ಕೆಂಪು ಪಟ್ಟಿ ಹಿಡಿದು ಅಳುತ್ತ ಮನೆಗೆ ಹೋಗುವ ಮೂವರಲ್ಲಿ ಇಬ್ಬರು ಆರೋಗ್ಯವಂತರು. ಈ ಪ್ಯಾಕೇಜನ್ನು ಅವರು ‘50 ದಾಟಿದ ಎಲ್ಲರಿಗೂ’ ಮಾರುತ್ತಾರೆ. ಡಿಮೆನ್ಷಿಯಾದ ಪ್ರಮಾಣ 65ರ ನಂತರ ಹೆಚ್ಚುಕಡಿಮೆ ಐದೈದು ವರ್ಷಕ್ಕೆ ಇಮ್ಮಡಿಯಾಗುತ್ತ ಹೋಗುವಂಥದ್ದು; ಐವತ್ತರ ಆಸುಪಾಸಿನಲ್ಲಿ ಅದು ತೀರ ಅಪರೂಪ. ಆ ವಯಸ್ಸಿನವರಲ್ಲಿ ಇದೇ ಲೆಕ್ಕ ಮಾಡಿದರೆ ಕೆಂಪು ಪಟ್ಟಿಗಳು ಹೆಚ್ಚುಕಡಿಮೆ ಎಲ್ಲವೂ ಸುಳ್ಳಾಗುತ್ತವೆ. ತೊಂದರೆಯ ಲಕ್ಷಣವೇ ಇಲ್ಲದ ಹಿರಿಯರನ್ನೆಲ್ಲ ಹೀಗೆ ಸೋಸಿ ನೋಡುವುದರಿಂದ ಒಳಿತು ಹೆಚ್ಚೋ ಕೆಡಕು ಹೆಚ್ಚೋ ಎಂದು ತೀರ್ಮಾನಿಸಲು ಸಾಕಷ್ಟು ಆಧಾರವಿಲ್ಲವೆಂದು ಅಮೆರಿಕದ ರೋಗತಡೆ ಕಾರ್ಯಪಡೆ 2020ರಲ್ಲಿ ಹೇಳಿತ್ತು. ಆ ಅನುಮಾನದ ನೆರಳೂ ಕರಪತ್ರದಲ್ಲಿಲ್ಲ.

ಶೇ 7.4 ಎಂಬ ಅಂಕಿ ಹುಟ್ಟಿದ ಬಗೆಯೇ ಈ ಪ್ಯಾಕೇಜಿಗೆ ತಕ್ಕ ಉತ್ತರ. ಲಾಸಿಯ ಆ ಕವಲಿನಲ್ಲಿ ಪ್ರತಿಯೊಬ್ಬ ಹಿರಿಯರಿಗೂ ಹಲವು ಬಗೆಯ ಅರಿವಿನ ಪರೀಕ್ಷೆಗಳನ್ನು ಮಾಡಿ, ಅವರನ್ನು ಹತ್ತಿರದಿಂದ ಬಲ್ಲ ಇನ್ನೊಬ್ಬರನ್ನು ಬೇರೆಯಾಗಿ ವಿಚಾರಿಸಿದರು. ಬಳಿಕ ಎರಡೂವರೆ ಸಾವಿರದಷ್ಟು ಮಂದಿಯ ಕಡತಗಳನ್ನು ತಲಾ ಮೂವರು ವೈದ್ಯರು ಓದಿ, ಅಭಿಪ್ರಾಯ ಕೂಡದಿದ್ದರೆ ಚರ್ಚಿಸಿ ತೀರ್ಮಾನಕ್ಕೆ ಬಂದರು. ಅಷ್ಟು ಮಾಡಿ ಪಡೆದ ಅಂಕಿಯನ್ನು ತಲೆಬರಹಕ್ಕೆ ಹಾಕಿಕೊಂಡು, ಹನ್ನೆರಡು ನಿಮಿಷದ ಗುಂಡಿ ಒತ್ತಾಟವನ್ನು ಅದರ ಕೆಳಗೆ ಮಾರುವುದು ಹಾಲಿನ ಚಿತ್ರವಿರುವ ಪೊಟ್ಟಣದಲ್ಲಿ ಸುಣ್ಣದ ನೀರು ತುಂಬಿದಂತೆ.

ಕೈಪಿಡಿಯ ವಿಷಯವನ್ನು ಬೇಗ ಮುಗಿಸುತ್ತೇನೆ. ‘ಎರಡು ಭಾಷೆ ಕಲಿತವರಿಗೆ ಮರೆವು ಬರುವುದಿಲ್ಲ’ ಎಂಬ ಸಾಲು ಅದರಲ್ಲಿದೆ. ಇದರ ಮೂಲ ಹೈದರಾಬಾದಿನಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ರೋಗಿಗಳ ದಾಖಲೆ ನೋಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನವೆಂದು ತೋರುತ್ತದೆ. ಅವರು ಕಂಡದ್ದು, ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತೆಂದು, ಅದು ಓದುಬರಹ ಬಾರದವರಲ್ಲೂ ನಿಜವಿತ್ತೆಂದು. ಬರುವುದೇ ಇಲ್ಲವೆಂದು ಅವರು ಹೇಳಿಲ್ಲ. ಅಲ್ಲಿ ನೋಡಿದ 648 ಮಂದಿಗೂ ಕಾಯಿಲೆ ಬಂದೇ ಇತ್ತಲ್ಲ! ಇನ್ನು ಕ್ಯಾಪ್ಸೂಲಿನ ಕೂಪನ್. ಮರೆವಿನ ಕಾಯಿಲೆಗೆ ದಾರಿ ಮಾಡುವ, ಆದರೆ ತಿದ್ದಿಕೊಳ್ಳಲು ಸಾಧ್ಯವಿರುವ 14 ಅಂಶಗಳನ್ನು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ ಪಟ್ಟಿ ಮಾಡಿತು. ಅದರಲ್ಲಿ ಕಿವಿ ಮಂದವಾಗುವುದೂ ಇದೆ, ಹೊಸದಾಗಿ ಸೇರಿದ ದೃಷ್ಟಿದೋಷವೂ ಇದೆ. ಈ ಪ್ಯಾಕೇಜಿನಲ್ಲಿ ಕಿವಿಯ ಪರೀಕ್ಷೆ ಇಲ್ಲ, ಕಣ್ಣಿನದಿಲ್ಲ. ಮರೆವಿಗೆ ಮಾತ್ರೆಯಿಂದಲೇ ಸರಿಪಡಿಸಬಹುದಾದ ಕಾರಣಗಳಾದ ಬಿ12 ಜೀವಸತ್ವದ ಕೊರತೆ ಮತ್ತು ಥೈರಾಯ್ಡ್ ಗ್ರಂಥಿಯ ನಿಧಾನವನ್ನು ಪತ್ತೆ ಮಾಡುವ ರಕ್ತಪರೀಕ್ಷೆಗಳೂ ಇಲ್ಲ. ಅವಿಲ್ಲದೆ ಕ್ಯಾಪ್ಸೂಲು ಮಾತ್ರ ಇರುವುದು ಯಾರ ಆರೋಗ್ಯಕ್ಕೆಂದು ಓದುಗರೇ ಊಹಿಸಬಹುದು.

ಹೋಲಿಕೆಗೆಂದು ಎರಡನೆಯ ಅನುಭವವನ್ನೂ ಹೇಳಬೇಕು. ಒಂದು ತಿಂಗಳ ನಂತರ ಇಬ್ಬರನ್ನೂ ಬೆಂಗಳೂರಿನ ಒಂದು ಸರ್ಕಾರಿ ಆಸ್ಪತ್ರೆಯ ನೆನಪಿನ ಕ್ಲಿನಿಕ್ಕಿಗೆ ಕರೆದೊಯ್ದೆ. ಕರ್ನಾಟಕ ಸರ್ಕಾರ ನಿಮ್ಹಾನ್ಸ್ ಜತೆಗೂಡಿ 2022ರಲ್ಲಿ ಮೆದುಳು ಆರೋಗ್ಯದ ಕಾರ್ಯಕ್ರಮವನ್ನು ಆರಂಭಿಸಿ, ಮೊದಲಿಗೆ ಜಯನಗರ, ಕೋಲಾರ, ಚಿಕ್ಕಬಳ್ಳಾಪುರದ ಆಸ್ಪತ್ರೆಗಳಲ್ಲಿ ಇದಕ್ಕೆಂದೇ ಕ್ಲಿನಿಕ್ ತೆರೆಯಿತು. ಅದೇ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರದವರು 45 ದಾಟಿದ ಹತ್ತು ಸಾವಿರ ಮಂದಿಯನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡುವ ಅಧ್ಯಯನ ಕೈಗೊಂಡಿದ್ದಾರೆ. ಇಷ್ಟು ಹತ್ತಿರದಲ್ಲಿ ಇಷ್ಟೆಲ್ಲ ನಡೆಯುತ್ತಿರುವುದು ನನಗೆ ತಿಳಿದದ್ದು ಆ ಕ್ಲಿನಿಕ್ಕಿನ ಬೆಂಚಿನ ಮೇಲೆ ಕಾಯುತ್ತಿದ್ದಾಗ. ಕಾಯುವುದಕ್ಕೆ ಸಮಯ ಧಾರಾಳವಾಗಿತ್ತು, ಮೂರು ಗಂಟೆ ಹತ್ತು ನಿಮಿಷ. ಕುರ್ಚಿಗಳು ಸಾಲದೆ ಕೆಲವು ಹಿರಿಯರು ಮೆಟ್ಟಿಲ ಮೇಲೆ ಕುಳಿತಿದ್ದರು. ಶೌಚಾಲಯ ಬೇರೆ ಮಹಡಿಯಲ್ಲಿತ್ತು, ಅದಕ್ಕೆ ದಾರಿ ತೋರಿಸುವ ಫಲಕವಿರಲಿಲ್ಲ. ದಾರಿ ಮರೆಯುವವರೇ ಬರುವ ಕ್ಲಿನಿಕ್ಕಿನಲ್ಲಿ ಇದು ಕ್ಷಮಿಸಲಾಗದ್ದು.

ಒಳಗೆ ಹೋದ ಮೇಲೆ ಎಲ್ಲ ಬೇರೆಯಾಗಿತ್ತು. ಮನಶ್ಶಾಸ್ತ್ರಜ್ಞೆ ಮೊದಲು ಕೇಳಿದ್ದು ‘ಕನ್ನಡಕ ತಂದಿದ್ದೀರಾ ಅಮ್ಮ, ಯಾವ ಕಿವಿ ಚೆನ್ನಾಗಿ ಕೇಳುತ್ತೆ?’ ಎಂದು. ಬಲಗಿವಿಯ ಕಡೆಗೆ ಕುರ್ಚಿ ಎಳೆದುಕೊಂಡರು. ತಾರೀಖು ಬೇಕಿಲ್ಲ, ತಿಥಿಯನ್ನೇ ಹೇಳಿ ಎಂದರು. ಅಕ್ಷರಗಳ ಬದಲು ವಾರದ ದಿನಗಳನ್ನು ಹಿಂದಿನಿಂದ ಹೇಳಿಸಿದರು. ತಾಯಿ ಭಾನುವಾರದಿಂದ ಸೋಮವಾರದವರೆಗೆ ಒಂದೇ ಉಸಿರಿಗೆ ಇಳಿದರು. ಬಳಿಕ ತಾಯಿಯನ್ನು ಹೊರಗೆ ಕಳಿಸಿ ನನ್ನನ್ನು ಕರೆದು ಕೇಳಿದ ಪ್ರಶ್ನೆಗಳೆಲ್ಲ ‘ಹತ್ತು ವರ್ಷದ ಹಿಂದೆ ಹೇಗಿದ್ದರೋ ಅದಕ್ಕೆ ಹೋಲಿಸಿದರೆ’ ಎಂದು ಶುರುವಾಗುತ್ತಿದ್ದವು. ಸಾರಿಗೆ ಉಪ್ಪು ಎರಡು ಸಲ ಬೀಳುತ್ತದೆಯೇ? ಹಾಲಿನವನ ಲೆಕ್ಕ ಯಾರು ಇಡುತ್ತಾರೆ? ನೆಂಟರು ಬಂದು ಹೋದದ್ದನ್ನು ಮರುದಿನ ತಾವಾಗಿ ಹೇಳುತ್ತಾರೆಯೇ? ತಂದೆಯ ವಿಷಯದಲ್ಲಿ ಇದೇ ಪ್ರಶ್ನೆಗಳನ್ನು ನನ್ನನ್ನು ಕೇಳಲಿಲ್ಲ, ತಾಯಿಯನ್ನು ಕೇಳಿದರು. ‘ನೀವು ಊರಿಗೆ ಹೋಗಿ ನಾಲ್ಕು ದಿನ ಇದ್ದರೆ ಇವರು ಹೇಗೆ ಇರುತ್ತಾರೆ?’ ಎಂಬ ಪ್ರಶ್ನೆಗೆ ತಾಯಿ ಉತ್ತರ ಕೊಡಲಿಲ್ಲ. ಎರಡು ವರ್ಷದಿಂದ ತವರಿಗೆ ಹೋಗಿಲ್ಲ ಎಂದಷ್ಟೇ ಹೇಳಿದರು. ಆ ಉತ್ತರವನ್ನು ಆಕೆ ನಿಧಾನವಾಗಿ ಬರೆದುಕೊಂಡದ್ದನ್ನು ನಾನು ನೋಡಿದೆ.

ರಕ್ತಪರೀಕ್ಷೆ, ಸ್ಕ್ಯಾನ್ ಎಲ್ಲ ಸೇರಿ ಮೂರು ಸಲ ಓಡಾಡಬೇಕಾಯಿತು. ತಂದೆಗೆ ಆರಂಭದ ಹಂತದ ಆಲ್ಝೈಮರ್ಸ್ ಎಂದು ಹೇಳಿ ಡೊನೆಪೆಜಿಲ್ ಎಂಬ ಮಾತ್ರೆ ಶುರು ಮಾಡಿದ್ದಾರೆ. ಇದು ಕಾಯಿಲೆಯನ್ನು ವಾಸಿ ಮಾಡುವುದಿಲ್ಲ, ಲಕ್ಷಣಗಳಿಗೆ ಸ್ವಲ್ಪ ಕಾಲ ಆಸರೆಯಾಗಬಹುದು ಎಂದು ವೈದ್ಯರು ಮೊದಲೇ ಸ್ಪಷ್ಟಪಡಿಸಿದರು. 28 ಅಂಕದ ಹಸಿರು ವರದಿಯನ್ನು ತೋರಿಸಿದಾಗ, ಜೀವನವಿಡೀ ಕಳೆಯುವ ಲೆಕ್ಕ ಕಲಿಸಿದವರಿಗೆ ಕಳೆಯುವ ಲೆಕ್ಕವೇ ಕೊನೆಗೆ ಹೋಗುವುದು, ಮೂರರಲ್ಲಿ ಎರಡು ಪದ ಮರೆತದ್ದನ್ನು ನೋಡಬೇಕಿತ್ತು ಎಂದರು. ತಾಯಿಗೆ ಡಿಮೆನ್ಷಿಯಾ ಇಲ್ಲ. ಬಿ12 ಕಡಿಮೆಯಿದೆ, ಎಡಗಿವಿಗೆ ಶ್ರವಣ ಸಾಧನ ಬೇಕು, ಬಲಗಣ್ಣಿನ ಪೊರೆ ತೆಗೆಸಬೇಕು. ಒಂದು ವರ್ಷದ ನಂತರ ಮತ್ತೆ ಬರಲಿ, ಆಗ ಇವತ್ತಿನದಕ್ಕೆ ಹೋಲಿಸಿ ನೋಡೋಣ ಎಂದಿದ್ದಾರೆ.

ಹೋಗುವವರಿಗೆ ಇಷ್ಟು ಹೇಳಬಲ್ಲೆ. ಸರ್ಕಾರಿ ಕ್ಲಿನಿಕ್ಕಿಗೆ ಹೋಗುವಾಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ, ಕನ್ನಡಕ ಮತ್ತು ಬುತ್ತಿ ಜತೆಗಿರಲಿ, ಹಿರಿಯರ ಸಂಗಡ ದಿನವೂ ಇರುವ ಒಬ್ಬರು ಬರಲೇಬೇಕು. ದೂರದ ಊರಿನಲ್ಲಿದ್ದು ತಿಂಗಳಿಗೊಮ್ಮೆ ಬರುವ ನನ್ನಂಥ ಮಗನಿಂದ ಅಲ್ಲಿ ಅರ್ಧ ಉಪಯೋಗ ಮಾತ್ರ. ಎಲ್ಲಿಗೆ ಹೋಗಬೇಕೆಂದೇ ತೋಚದವರು ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಬಹುದು. ಖಾಸಗಿ ಪ್ಯಾಕೇಜನ್ನೇ ಕೊಳ್ಳುವುದಾದರೆ ದುಡ್ಡು ಕಟ್ಟುವ ಮೊದಲು ಮೂರು ಸಂಗತಿ ವಿಚಾರಿಸಿ: ಕನ್ನಡದ ಪರೀಕ್ಷೆಯನ್ನು ಕನ್ನಡ ಆಡುವವರ ಮೇಲೆ ಒರೆಗೆ ಹಚ್ಚಿದ್ದಾರೆಯೇ, ಓದಿನ ಮಟ್ಟಕ್ಕೆ ತಕ್ಕಂತೆ ಅಂಕದ ಗಡಿ ಬದಲಾಗುತ್ತದೆಯೇ, ಮನೆಯವರನ್ನು ಬೇರೆಯಾಗಿ ಕೂರಿಸಿ ಕೇಳುತ್ತಾರೆಯೇ. ನಾನು ಕೊಂಡದ್ದಕ್ಕೆ ಐದರಲ್ಲಿ ಒಂದು ನಕ್ಷತ್ರ ಕೊಡುತ್ತೇನೆ, ಅದು ಆ ಹುಡುಗಿಯ ವಿನಯಕ್ಕೆ.

ತಾಯಿಯ ವರದಿಯಲ್ಲಿರುವ ಆ ಪದವನ್ನಾದರೂ ತಿದ್ದಿ ಹೊಸ ಪ್ರತಿ ಕೊಡಿ ಎಂದು ಕೇಂದ್ರಕ್ಕೆ ಬರೆದ ಪತ್ರಕ್ಕೆ ಮೂರು ವಾರದ ಮೇಲೆ ಉತ್ತರ ಬಂತು. ಪದಗಳು ತಂತ್ರಾಂಶದಲ್ಲೇ ಅಡಕವಾಗಿರುವುದರಿಂದ ಬದಲಿಸಲು ಬರುವುದಿಲ್ಲ, ಆದರೆ ಬೇಕಿದ್ದರೆ ವರದಿಯನ್ನು ಇಂಗ್ಲಿಷಿನಲ್ಲಿ ಕೊಡಬಹುದು ಎಂದಿದ್ದರು. ಹಳೆಯ ಪ್ರತಿ ಇನ್ನೂ ತಾಯಿಯ ಟ್ರಂಕಿನಲ್ಲಿದೆ. ಹರಿದು ಹಾಕಿ ಎಂದರೆ, ಇರಲಿ, ಮುಂದಿನ ವರ್ಷ ಆ ಡಾಕ್ಟರಮ್ಮನಿಗೆ ತೋರಿಸಬೇಕು ಎನ್ನುತ್ತಾರೆ.